ತೊಣ್ಣೂರಿನ ಅರವತ್ತಮೂರು ಮಂದಿ ಬಸ್ಸು ಬೇಡವೆಂದದ್ದು ಯಾವಾಗ?

'ಊರಮಾತು' ಜಾಲತಾಣದಲ್ಲಿ ಜನರ ಅಭಿಪ್ರಾಯ ಕೇಳಿ, ಪರಿಶೀಲಿಸಿ, ಪ್ರಕಟಿಸುವ ಮಾನ್ಯ ಅಧಿಕಾರಿಗಳೇ,

ಮೊದಲು ಖರ್ಚಿನ ಪಟ್ಟಿ ಒಪ್ಪಿಸಿಬಿಡುತ್ತೇನೆ. ಹದಿಮೂರು ದಿನ. ಅರವತ್ತಮೂರು ಜನ, ಅರವತ್ತಮೂರು ಒಟಿಪಿ. ಮೊಬೈಲು ಮನೆಯಲ್ಲೇ ಬಿಟ್ಟು ಬಂದ ಹನ್ನೊಂದು ಮಂದಿಗೆ ಎರಡನೇ ಸಲದ ಓಡಾಟ. ಒಂದೂವರೆ ರೀಮು ಕಾಗದ. ಇಷ್ಟು ಖರ್ಚು ಮಾಡಿ ನಾವು ನಿಮಗೆ ತಿಳಿಸಿದ್ದು ಒಂದೇ ಮಾತು: ನಾಗಮಂಗಲದಿಂದ ಹೊರಟು ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸು ತೊಣ್ಣೂರಿನ ಒಳಕ್ಕೆ ಬರುವುದನ್ನು ತಪ್ಪಿಸಬೇಡಿ. ನೀವು ಪ್ರಕಟಿಸಿದ್ದು ಬೇರೆಯೇ ಮಾತು. ನಿಮ್ಮ ಜಾಲತಾಣದ ಪ್ರಕಾರ ನಮ್ಮ ಅರವತ್ತಮೂರೂ ಜನ ನಿಮ್ಮನ್ನು ಹೊಗಳಿ, ಕೈಮುಗಿದು, ಮನೆಗೆ ಹೋಗಿದ್ದಾರೆ. ಆ ಹೊಗಳಿಕೆಯ ಬಲದ ಮೇಲೆ ಬಸ್ಸು ಈಗ ಊರಿನೊಳಕ್ಕೆ ಬರದೆ ಮುಖ್ಯರಸ್ತೆಯಲ್ಲೇ ನೇರವಾಗಿ ಹೋಗುತ್ತಿದೆ.

ನಾನು ಯಾರೆಂದು ಹೇಳಬೇಕು. ಪಾಂಡವಪುರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಪ್ಪತ್ತೆರಡು ವರ್ಷದ ಹಿಂದೆ ಮರದಡಿಯಲ್ಲಿ ಒಂದು ಸ್ಟೂಲು, ಒಂದು ಪೆನ್ನು ಇಟ್ಟುಕೊಂಡು ಅರ್ಜಿ ಬರೆಯಲು ಕುಳಿತವನು. ಏಳನೇ ತರಗತಿಯ ನಂತರ ನನಗೆ ಕನ್ನಡ ಕಲಿಸಿದ್ದು ಸರ್ಕಾರಿ ಕಚೇರಿಗಳು. ಖಾತೆ, ಪಿಂಚಣಿ, ಪಡಿತರ ಚೀಟಿ, ಯಾವ ಅರ್ಜಿಯಾದರೂ ಸರಿ, ಮೊದಲ ಎರಡು ಸಾಲು ಸಾಹೇಬರಿಗೆ, ಆಮೇಲಿನದು ಅರ್ಜಿದಾರನಿಗೆ ಎನ್ನುವುದು ಅಲ್ಲಿ ಕಲಿತ ಪಾಠ. ನಮ್ಮ ಕಡೆ ಯಾರೂ ಹೊಸಿಲು ದಾಟಿದ ಕೂಡಲೇ ತಕರಾರು ತೆಗೆಯುವುದಿಲ್ಲ. ಬೇಲಿ ಜಗಳಕ್ಕೆ ಬಂದವನೂ ಮೊದಲು 'ಊಟ ಆಯ್ತಾ' ಎಂದು ಕೇಳಿಯೇ ಜಗಳ ಶುರುಮಾಡುವುದು.

ಬಸ್ಸಿನ ದಾರಿ ಬದಲಿಸುವ ನಿಮ್ಮ ಕರಡು ಪ್ರಕಟವಾಯಿತು. 'ಹದಿನೈದು ದಿನದೊಳಗೆ ಮುಕ್ತವಾಗಿ ಅಭಿಪ್ರಾಯ ತಿಳಿಸಿ' ಎಂದು ಬರೆದಿದ್ದಿರಿ. ಮುಕ್ತವಾಗಿ! ಬಸ್ಸು ಊರೊಳಗೆ ಹೋಗಿ ಬರುವುದಕ್ಕೆ ಹದಿನೆಂಟು ನಿಮಿಷ ವ್ಯರ್ಥವಾಗುತ್ತದಂತೆ. ತೊಣ್ಣೂರಿನವರು ಗಾಬರಿಬಿದ್ದು ನನ್ನ ಅಂಗಡಿಗೆ ಬಂದರು. ಮೊದಲು ಬಂದಾಕೆ ಪುಟ್ಟತಾಯಮ್ಮ. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಆ ಬಸ್ಸು ಹತ್ತಿ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುವ ಹೆಂಗಸು. ಎಂಟು ಗಂಟೆಗೆ ಯಂತ್ರದ ಮುಂದೆ ಇರಬೇಕು, ಇಲ್ಲದಿದ್ದರೆ ಪಾಳಿ ಮುಂದಿನವರಿಗೆ.

"ಬರ್ಕೊಳಪ್ಪ ಮತೀನಾ," ಎಂದಳು. "ಬಸ್ಸು ಬರ್ನಿಲ್ಲ ಅಂದ್ರೆ ನಾನು ರೋಡ್‌ಗಂಟ ನಡಿಯಕ್ಕಾಗಕಿಲ್ಲ. ಕಾಲು ಊದ್ಕತವೆ. ಅಷ್ಟೇಯ."

ಅಷ್ಟನ್ನೇ ಬರೆದಿದ್ದರೆ ಆಗುತ್ತಿತ್ತು. ಬರೆಯಲಿಲ್ಲ. ಬೆರಳಿಗೆ ಅಂಟಿದ ಚಾಳಿ, ಮೊದಲು ಹೀಗೆ ಕುಟ್ಟಿದೆ: 'ತಾವು ಪ್ರಯಾಣಿಕರ ಸಮಯ ಉಳಿಸಲು ಕೈಗೊಂಡಿರುವ ಕ್ರಮ ಸ್ತುತ್ಯರ್ಹವಾಗಿದೆ. ತಮ್ಮ ಕಾಳಜಿಗೆ ಗ್ರಾಮಸ್ಥರೆಲ್ಲ ಆಭಾರಿಗಳು.' ಆಮೇಲೆ 'ಆದರೆ' ಎಂದು ಹಾಕಿ ಅವಳ ಕಾಲು, ಅವಳ ಪಾಳಿ, ಅವಳ ರಸ್ತೆ. ಉಳಿದ ಅರವತ್ತೆರಡು ಮಂದಿಗೂ ಅದೇ ಎರಡು ಸಾಲಿನ ಪೀಠಿಕೆ, ಕೆಳಗೆ ಅವರವರ ಕಷ್ಟ. ಕೆಲಸ ಬೇಗ ಮುಗಿಯಲೆಂದು ಪೀಠಿಕೆಯನ್ನು ಒಂದೇ ಸಲ ಬರೆದು ಎಲ್ಲರಿಗೂ ಅಂಟಿಸಿದೆ. ಇದು ನನ್ನ ತಪ್ಪು, ಬಹಿರಂಗವಾಗಿಯೇ ಒಪ್ಪುತ್ತೇನೆ. ಮನೆಯಲ್ಲಿ ಹೆಂಡತಿ ಪರ್ವೀನ್ ಆಗಲೇ ಎಚ್ಚರಿಸಿದ್ದಳು: "ಸೀದಾ ವಿಷಯ ಬರೀರಿ ಜೀ. ಬಿರಿಯಾನಿ ಬೇಕು ಅನ್ನೋರು ದೇಗ್ಚಿನ ಯಾಕೆ ಹೊಗಳ್ಬೇಕು?"

ಒಂಬತ್ತು ದಿನ 'ತಮ್ಮ ಅಭಿಪ್ರಾಯ ಪರಿಶೀಲನೆಯಲ್ಲಿದೆ' ಎಂದಿತ್ತು. ಹತ್ತನೆಯ ದಿನ ಎಲ್ಲವೂ ಪ್ರಕಟವಾದವು. ಎಲ್ಲವೂ ಎಂದರೆ, ಪೀಠಿಕೆ ಮಾತ್ರ. 'ಆದರೆ' ಎಂಬಲ್ಲಿಗೆ ಕತ್ತರಿ. ಪುಟ್ಟತಾಯಮ್ಮ, ತೊಣ್ಣೂರು: 'ತಾವು ಪ್ರಯಾಣಿಕರ ಸಮಯ ಉಳಿಸಲು ಕೈಗೊಂಡಿರುವ ಕ್ರಮ ಸ್ತುತ್ಯರ್ಹವಾಗಿದೆ...' ಕೆಳಗೆ ನಿಮ್ಮ ಷರಾ: 'ಅರವತ್ತನಾಲ್ಕು ಅಭಿಪ್ರಾಯಗಳು ಸ್ವೀಕೃತ, ಎಲ್ಲವೂ ಸಹಮತ, ಕರಡು ಅಂತಿಮ.'

ಅವತ್ತು ನಾನು ಟೀ ಕುಡಿಯಲು ಹೋದೆ. ಟೀ ಅಂಗಡಿಯ ರಂಗಸ್ವಾಮಿ, ತೊಣ್ಣೂರಿನವನೇ, ಮೊಬೈಲು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದ. "ಏನ್ ಮತೀನಣ್ಣ, ಅರವತ್‌ಮೂರ್ ಜನದ ಒಪ್ಗೆ ಬರ್ದು ಕೊಟ್ಬುಟ್ಟಿದ್ದೀಯ! ಮೇಲಿಂದ ಎಷ್ಟ್ ಬಂತು?"

"ನಾನು ಬರೆದಿದ್ದು ಪೂರ್ತಿ ಹಾಕಿಲ್ಲ ಕಣೋ."

"ಆಕಿರದೇನು, ನಿನ್ ಅಕ್ಸರ ತಾನೆ? 'ಸ್ತುತ್ಯರ್ಹ' ಅನ್ನೋ ಮಾತು ಈ ಪ್ಯಾಟೇಲಿ ನಿನ್ ಬುಟ್ರೆ ಯಾರ್‌ಗ್ ಬತ್ತದೆ?"

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವತ್ತಿನಿಂದ ತೊಣ್ಣೂರಿನವರು ಪಹಣಿ ಜೆರಾಕ್ಸ್‌ಗೂ ನನ್ನ ಅಂಗಡಿ ದಾಟಿ ಮುಂದಕ್ಕೆ ಹೋಗುತ್ತಿದ್ದಾರೆ.

ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ಬಹಳ ಸಮಾಧಾನದಿಂದಲೇ ಉತ್ತರಿಸಿದರು: "ನೋಡಿ ಇವ್ರೇ, ಅದು ಸಿಸ್ಟಮ್ಮು. ಮೊದಲ ಎರಡು ಸಾಲು ಮಾತ್ರ ತಗೊಳ್ಳುತ್ತೆ. ಮನುಷ್ಯರು ಯಾರೂ ಮುಟ್ಟಲ್ಲ." ನಂಬಿದೆ. ಯಂತ್ರದ ಮೇಲೆ ಯಾರು ಹಗೆ ಸಾಧಿಸುತ್ತಾರೆ? ನನ್ನ ಪೀಠಿಕೆಯೇ ನನ್ನ ಕಾಲಿಗೆ ತೊಡರಿತು ಎಂದುಕೊಂಡು ಎರಡು ದಿನ ಸುಮ್ಮನಿದ್ದೆ.

ಮೂರನೆಯ ದಿನ ಲೆಕ್ಕ ತಾಳೆ ನೋಡಿದೆ. ನಾನು ಕಳಿಸಿದ್ದು ಅರವತ್ತಮೂರು. ನಿಮ್ಮ ಷರಾದಲ್ಲಿ ಅರವತ್ತನಾಲ್ಕು. ಹೆಚ್ಚಿನ ಒಂದು ಯಾರದು? ಹುಡುಕಿದರೆ ಇಂದಿರ ಮೇಡಂ. ತೊಣ್ಣೂರಿನ ಶಾಲೆಯ ಶಿಕ್ಷಕಿ, ಸ್ವಂತ ಮೊಬೈಲಿನಲ್ಲಿ ಬರೆದವರು. ಅವರದ್ದು ಹೀಗೆ ಪ್ರಕಟವಾಗಿದೆ: 'ಇಲಾಖೆಯ ಸೇವೆಯ ಬಗ್ಗೆ ನಮಗೆ ಗೌರವವಿದೆ.' ಅವರನ್ನು ಕೇಳಿದೆ.

"ಅಯ್ಯೋ, ಅದು ನನ್ನ ಕೊನೇ ಸಾಲು ಮತೀನ್ ಅವರೇ," ಎಂದರು. "ಶುರುನಲ್ಲೇ ನೇರವಾಗಿ ಬರೆದಿದ್ದೆ, ಈ ಕರಡು ಅನ್ಯಾಯ ಅಂತ. ಪೂರಾ ಒಂದು ಪುಟ. ಕೊನೆಗೆ ಸುಮ್ಮನೆ ಮರ್ಯಾದೆಗೆ ಅದೊಂದು ಸಾಲು ಸೇರಿಸಿದ್ದೆ."

ಈಗ ಹೇಳಿ ಮಾನ್ಯರೇ. ಇದೆಂಥ ಯಂತ್ರ? ನಮ್ಮದರಲ್ಲಿ ತಲೆ ಉಳಿಸಿಕೊಂಡು ಬಾಲ ಕತ್ತರಿಸಿತು. ಮೇಡಂ ಅವರದ್ದರಲ್ಲಿ ತಲೆ, ನಡು ಎಲ್ಲ ಬಿಸಾಡಿ ಬಾಲ ಇಟ್ಟುಕೊಂಡಿತು. ಹೊಗಳಿಕೆ ಎಲ್ಲಿದೆಯೆಂದು ಹುಡುಕಿ ಹೋಗಲು ಅದಕ್ಕೆ ಮೂಗಿದೆಯೇ? ಇನ್ನು ಅದೇ ರಂಗಸ್ವಾಮಿ ತನ್ನ ಮೊಬೈಲಿನಿಂದ 'ಬಸ್ಸು ತಪ್ಪಿಸಿದರೆ ರಸ್ತೆಗೆ ಅಡ್ಡ ಕೂರುತ್ತೇವೆ' ಎಂದು ಒಂದೇ ಸಾಲು ಬರೆದಿದ್ದ. ಒಂದೇ ಸಾಲು, ಯಂತ್ರಕ್ಕೆ ಎರಡು ಸಾಲಿನ ಹಕ್ಕಿದೆ, ಧಾರಾಳವಾಗಿ ಹಿಡಿಸುತ್ತಿತ್ತು. ಅದು ಇವತ್ತಿಗೂ 'ಪರಿಶೀಲನೆಯಲ್ಲಿದೆ'. ಕತ್ತರಿಸಿದರೂ ಹೊಗಳಿಕೆ ಸಿಗದ ಸಾಲನ್ನು ಏನು ಮಾಡುವುದೆಂದು ಪಾಪ ಯಂತ್ರ ಯೋಚಿಸುತ್ತಿರಬೇಕು. ಈ ಮಾದರಿಯನ್ನೇ ಮುಂದೆ ಕೆ.ಆರ್.ಪೇಟೆಯ ಬಸ್ಸುಗಳಿಗೂ ಅನ್ವಯಿಸುತ್ತೀರೆಂದು ನಿಮ್ಮ ಜಾಲತಾಣದಲ್ಲೇ ಓದಿದೆ. ಅಲ್ಲಿನ ಬೂಕನಕೆರೆಯವರು ಅಭಿಪ್ರಾಯ ಬರೆಯಲು ಬಂದರೆ ನಾನು ಏನೆಂದು ಹೇಳಿಕೊಡಲಿ? ಬೈದು ಬರೆದರೆ ಬರುವುದಿಲ್ಲ, ಹೊಗಳಿ ಬರೆದರೆ ಹೊಗಳಿಕೆ ಮಾತ್ರ ಬರುತ್ತದೆ.

ಕಳೆದ ಗುರುವಾರ ಪುಟ್ಟತಾಯಮ್ಮ ಮುಖ್ಯರಸ್ತೆಗೆ ನಡೆದಳು. ದಾರಿಯಲ್ಲಿ ಮೂರು ಕಡೆ ಕುಳಿತಳಂತೆ. ಮೂರನೇ ಸಲ ಕುಳಿತಿದ್ದಾಗ ಬಸ್ಸು ಕಣ್ಣೆದುರಿಗೇ ಹೋಯಿತು. ಪಾಳಿ ತಪ್ಪಿತು. ಶನಿವಾರ ಯಾರದೋ ಆಟೋದಲ್ಲಿ ಬಂದಳು, ಮುಖ ಬಾತಿತ್ತು, ಏದುಸಿರು. ಆಸ್ಪತ್ರೆಯಿಂದ ವಾಪಸಾಗುವಾಗ ನನ್ನ ಅಂಗಡಿಯ ಮುಂದೆ ಆಟೋ ನಿಲ್ಲಿಸಿದಳು. ಬೈಯುತ್ತಾಳೆಂದು ಎದ್ದು ನಿಂತೆ.

"ಲೋ ಮತೀನಾ, ನಾನು ಒಗಳಿದ್ನಂತಲ್ಲ, ಯಾರ್‌ನ ಒಗಳ್ದೆ? ಅದಾರ ಏಳು," ಎಂದಳು. ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟು, ಈ ಸಲ ಪೀಠಿಕೆಯಿಲ್ಲ. ಅರವತ್ತೈದು ಅಭಿಪ್ರಾಯಗಳನ್ನೂ, ರಂಗಸ್ವಾಮಿಯದನ್ನೂ ಸೇರಿಸಿ, ಒಂದಕ್ಷರ ಬಿಡದೆ ಪ್ರಕಟಿಸಿ. ಎಲ್ಲಿ ಕತ್ತರಿಸಿದ್ದೀರೋ ಅಲ್ಲಿ ಕತ್ತರಿಸಿದವರ ಹುದ್ದೆ ನಮೂದಿಸಿ. 'ಸಹಮತ' ಎಂಬ ಷರಾ ವಾಪಸು ತೆಗೆದುಕೊಳ್ಳಿ. ಅಲ್ಲಿಯವರೆಗೆ, ಕಡೇ ಪಕ್ಷ ಸೋಮವಾರ ಮತ್ತು ಗುರುವಾರ, ಬಸ್ಸು ತೊಣ್ಣೂರಿನ ಒಳಗೆ ಹೋಗಿ ಬರಲಿ. ಮೂಲ ಪ್ರತಿಗಳೆಲ್ಲ ನನ್ನಲ್ಲಿವೆ. ಜೆರಾಕ್ಸ್ ಅಂಗಡಿಯವನ ಕಾಗದ ಅಷ್ಟು ಸುಲಭವಾಗಿ ಕಳೆಯುವುದಿಲ್ಲ.

ಇವತ್ತಿನವರೆಗೆ ಯಾರಿಗೆ ಏನು ಸಿಕ್ಕಿತು ಎಂದರೆ: ನಿಮಗೆ, ಒಂದೂ ಆಕ್ಷೇಪಣೆಯಿಲ್ಲದ ಕಡತ. ಬಸ್ಸಿಗೆ, ಹದಿನೆಂಟು ನಿಮಿಷ. ರಂಗಸ್ವಾಮಿಗೆ, ಆಡಿಕೊಳ್ಳಲು ಒಬ್ಬ ಗಿರಾಕಿ. ನನಗೆ, ಖಾಲಿ ಬೆಂಚು. ಪುಟ್ಟತಾಯಮ್ಮನಿಗೆ, ಐದು ದಿನಕ್ಕೊಂದು ಡಯಾಲಿಸಿಸ್.

ಇಂತಿ,
ತಮ್ಮನ್ನು ಅರವತ್ತಮೂರು ಸಲ ಹೊಗಳಿ ಸಿಕ್ಕಿಬಿದ್ದ
ಮತೀನ್, ಜೆರಾಕ್ಸ್ ಅಂಗಡಿ, ಪಾಂಡವಪುರ