ನಾಲ್ಕು ಗಂಟೆಗೆ ನೀನು ಹೋಗುತ್ತಿದ್ದ ಓಣಿ

ಶೈಲಾ,

ನೀನು ರಾಣೇಬೆನ್ನೂರಿಗೆ ಹೋಗಿ ಐದು ತಿಂಗಳಾಯಿತು. ಫೋನಿನಲ್ಲಿ ಮೆಸೇಜು ಕಳಿಸಬಹುದಿತ್ತು. ಆದರೆ ಅಲ್ಲಿಯೂ ನಾನು ಎರಡು ಪದದಲ್ಲಿ ಮುಗಿಸಿಬಿಡುವವನು. ಅದಕ್ಕೇ ಕಾಗದ ತೆಗೆದುಕೊಂಡು ಕುಳಿತಿದ್ದೇನೆ.

ಹುಬ್ಬಳ್ಳಿಯಲ್ಲಿ ನನ್ನ ಧ್ವನಿಪೆಟ್ಟಿಗೆ ತೆಗೆದ ಮೇಲೆ ಕೊರಳಿನ ತೂತಿಗೆ ವಸ್ತ್ರ ಕಟ್ಟಿಕೊಂಡು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ನೀನು ಪಾಟಿ, ಬಳಪ ತಂದುಕೊಟ್ಟೆ. ಎಸೆದು ಒಡೆದೆ. ಚೂರು ಆರಿಸುತ್ತಾ ನೀನು ಅಂದದ್ದು ನೆನಪಿದೆ: "ಬರದಾದ್ರೂ ಹೇಳ್ರಿ. ಈ ಗ್ವಾಡಿ ಜೋಡಿ ಎಷ್ಟ ದಿನಾ ಮಾತಾಡ್ಲಿ ನಾ?" ಮರುವಾರ ನಿನ್ನನ್ನು ಕರೆದೊಯ್ಯಲು ನಿನ್ನ ಅಣ್ಣ ಶಂಭುಲಿಂಗ ಬಂದ. ಹೊಸ್ತಿಲ ಹತ್ತಿರ ನಿನ್ನ ಕಾಲಸಪ್ಪಳ ಒಂದು ಗಳಿಗೆ ನಿಂತದ್ದು ಕೇಳಿಸಿತು. ನಾನು ತಿರುಗಲಿಲ್ಲ.

ದಿನಾ ಓಡಾಡಬೇಕು ಎಂದು ಡಾಕ್ಟರು ಹೇಳಿದ್ದರು. ನಡೆದು ಹೊರಟರೆ ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಸೈಕಲ್ಲಿನ ಮೇಲಿದ್ದರೆ ಕೈ ಎತ್ತಿದರೆ ಸಾಕು. ಹಾಗೆ ಶುರುವಾಯಿತು ನನ್ನ ತಿರುಗಾಟ. ಇಪ್ಪತ್ತೆರಡು ವರ್ಷ ಹಾವೇರಿಯಲ್ಲಿದ್ದು ನಾನು ಕಂಡದ್ದು ಮನೆಯಿಂದ ನಾನು ಪಾಠ ಹೇಳುತ್ತಿದ್ದ ಸಾಲಿಗೆ ಹೋಗುವ ಹಾದಿ ಮಾತ್ರ. ಹೆಗ್ಗೇರಿ ಕೆರೆಯ ದಂಡೆಯಲ್ಲಿ ಮುಂಜಾನೆ ಎಷ್ಟು ಬಗೆಯ ಹಕ್ಕಿ ಇಳಿಯುತ್ತವೆ ಎಂದು ಗೊತ್ತಿರಲಿಲ್ಲ. ಏಲಕ್ಕಿ ಮಾಲೆ ಕಟ್ಟುವವರ ಮನೆಯ ಮುಂದೆ ಹಾಯ್ದರೆ ಓಣಿ ದಾಟುವವರೆಗೂ ಆ ವಾಸನೆ ಹಿಂದೆ ಬರುತ್ತದೆ ಎಂದೂ ಗೊತ್ತಿರಲಿಲ್ಲ. ಇವನ್ನೆಲ್ಲ ಮನೆಗೆ ಬಂದು ಯಾರಿಗೆ ಹೇಳಲಿ? ಬೀಗ ತೆಗೆದು, ಅನ್ನಕ್ಕಿಟ್ಟು, ಕುಕ್ಕರಿನ ಸೀಟಿ ಎಣಿಸುತ್ತಾ ಕೂರುತ್ತಿದ್ದೆ.

ಕಳೆದ ತಿಂಗಳು ಒಂದು ಸಂಜೆ ಸಾಲಿಯ ಹಿಂದಿನ ಓಣಿಗೆ ಹೊಕ್ಕೆ. ನನಗೆ ಅವತ್ತಿನವರೆಗೆ ಗೊತ್ತಿರದ ರಸೂಲಬಿ ಎಂಬಾಕೆ ಬಾಗಿಲಲ್ಲೇ ಒಲೆ ಹೂಡಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ನಾಲ್ಕು ಬೆರಳು ತೋರಿಸಿದೆ. "ಕುಂದ್ರಿ, ಬಿಸೀವು ಕೊಡ್ತೀನಿ" ಅಂದಳು. ಬಡಿಯುತ್ತಾ ತನ್ನಷ್ಟಕ್ಕೇ ಮಾತಿಗಿಳಿದಳು.

"ಶೈಲವ್ವ ಅಂತ ಒಬ್ಬಾಕಿ ದಿನಾ ನಾಲ್ಕಕ್ಕ ಬರ್ತಿದ್ಲರಿ. ರೊಟ್ಟಿ ತಗೊಳ್ಳಾಕಲ್ಲ. ನನ್ನ ಹಿಟ್ಟು ನಾದಿ ಕೊಡಾಕಿ, ಮಾತಾಡಾಕಿ. ಹತ್ತ ವರ್ಷ ಬಂದ್ಲು."

ಹತ್ತು ವರ್ಷ. ನನ್ನ ದನಿ ಹೋಗಿ ಇನ್ನೂ ವರ್ಷ ತುಂಬಿಲ್ಲ.

"ಮನ್ಯಾಗ ಮಾಸ್ತರು ದಣದಿರ್ತಾರ, ಮಾತಾಡಂಗಿಲ್ಲ ಅಂತಿದ್ಲು. ಅದಕ್ಕ ಬರೂವಾಗ ಸಾಲಿ ಗ್ವಾಡಿ ಬಾಜೂಕ ಸ್ವಲ್ಪ ಹೊತ್ತು ನಿಂತು ಅವರ ಪಾಠ ಕೇಳಿ ಬರ್ತಿದ್ಲು. ಹೊಳಿ ಎಲ್ಲಿ ಹುಟ್ಟತಾವ, ಮಳಿ ಹೆಂಗ ಆಕ್ಕೈತಿ, ಎಲ್ಲಾ ನನಗ ಹೇಳಾಕಿ."

ರೊಟ್ಟಿ ಸುತ್ತಿ ಕೈಗಿಟ್ಟು ನನ್ನ ಮುಖವನ್ನೇ ನೋಡಿದಳು. "ನಿಮಗ ಗೊತ್ತಾಗ್ಲಿ ಅಂತನ ಹೇಳಿದ್ನಿರಿ ಮಾಸ್ತರ. ಆಕಿ ಹೇಳಿದ್ದ ಕೊರಳಿನ ವಸ್ತ್ರ ನೋಡಿದ ಕೂಡ್ಲೆ ಗುರ್ತಾ ಹಿಡದೆ."

ಮರುದಿನ ನಾಲ್ಕಕ್ಕೆ ಆ ಗೋಡೆಯ ಹತ್ತಿರ ಸೈಕಲ್ ನಿಲ್ಲಿಸಿದೆ. ಅಲ್ಲಿ ಜಾಲಿ ಬೆಳೆದಿದೆ, ಗಟಾರಿನ ವಾಸನೆ. ಕಿಟಕಿಯೊಳಗಿಂದ ಹೊಸ ಮಾಸ್ತರರ ದನಿ ಬರುತ್ತಿತ್ತು. ಮಕ್ಕಳಿಗೆ ಐವತ್ತು ಸಲ ಹೇಳಿದ್ದನ್ನು ನಾನು ನಿನಗೆ ಒಂದು ಸಲವೂ ಹೇಳಿರಲಿಲ್ಲ. ಅದು ಬೇಕಾಗಿದ್ದ ನೀನು ಗಟಾರಿನ ಬದಿಗೆ ನಿಂತು ಕದ್ದು ಕೇಳಿಸಿಕೊಂಡಿದ್ದೀ. ದಣಿವಿನ ಮಾತು ಸುಳ್ಳು, ಶೈಲಾ. ಮಾತಾಡದಿದ್ದರೂ ನೀನು ಮನೆಯಲ್ಲಿ ಇದ್ದೇ ಇರುತ್ತೀ ಎಂದುಕೊಂಡಿದ್ದೆ, ಅಷ್ಟೇ. ಅಂದು ಅತ್ತೆ. ನಾನು ಅತ್ತರೆ ಈಗ ಸಪ್ಪಳವಾಗುವುದಿಲ್ಲ.

ಮೊನ್ನೆ ಭಾನುವಾರ ನಸುಕಿನಲ್ಲೇ ಹೊರಟು ಸೈಕಲ್ಲಿನಲ್ಲಿ ರಾಣೇಬೆನ್ನೂರಿಗೆ ಬಂದಿದ್ದೆ. ಮೋಟೆಬೆನ್ನೂರಿನಲ್ಲಿ ಚಹಾ ಕುಡಿದು, ಮುಂದೆ ಎರಡು ಕಡೆ ಸುಧಾರಿಸಿಕೊಂಡು, ನಿಮ್ಮಣ್ಣನ ಮನೆಯ ಎದುರಿನ ಬೇವಿನ ಮರದ ಕೆಳಗೆ ಬಂದಾಗ ಹನ್ನೊಂದಾಗಿತ್ತು. ನೀನು ಕಟ್ಟೆಯ ಮೇಲೆ ಇಬ್ಬರು ಹೆಂಗಸರ ನಡುವೆ ಅಕ್ಕಿ ಹಸನು ಮಾಡುತ್ತಾ ಏನೋ ಹೇಳುತ್ತಿದ್ದೆ. ಮೊರ ಕೆಳಗಿಟ್ಟು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ನೀನು ಒಂದು ವಿಷಯವನ್ನು ಮೊದಲಿನಿಂದ ಕಡೆಯವರೆಗೆ ಹೇಳುವುದನ್ನು ನಾನು ಕಂಡೇ ಇರಲಿಲ್ಲ. ರಸ್ತೆ ದಾಟಿ ಬಂದರೆ ನನ್ನನ್ನು ನೋಡಿ ನೀನು ಸುಮ್ಮನಾಗುತ್ತೀ ಅನ್ನಿಸಿತು. ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅರ್ಧ ತಾಸು ನಿಂತು ಸೈಕಲ್ ತಿರುಗಿಸಿದೆ.

ತಿರುಗಿ ಬಾ ಎಂದು ಬರೆಯುವ ಮುಖ ನನಗಿಲ್ಲ. ಬರುವ ಭಾನುವಾರ ಅದೇ ಹೊತ್ತಿಗೆ ಬರುತ್ತೇನೆ. ನಿನಗೆ ಮನಸ್ಸಿಲ್ಲದಿದ್ದರೆ ಒಳಗೇ ಇರು, ಶಂಭುಲಿಂಗನಿಂದ ಒಂದು ಮಾತು ಹೇಳಿಸು, ಬಂದ ಹಾದಿ ಹಿಡಿಯುತ್ತೇನೆ. ಹೊರಗೆ ಬಂದರೆ ಕಟ್ಟೆಯ ಆ ತುದಿಗೆ ಕೂರುತ್ತೇನೆ. ಸಂಜೆಯವರೆಗೆ ನನಗೆ ಬೇರೆ ಕೆಲಸವಿಲ್ಲ.

ಅವತ್ತು ನೀನು ಜೋಳದ ಚೀಲದೊಳಗೆ ಬೆಕ್ಕು ಹೊಕ್ಕಿತ್ತು ಅನ್ನುತ್ತಿದ್ದೆ. ಅಷ್ಟರಲ್ಲಿ ಲಾರಿಯೊಂದು ಹಾಯಿತು. ಮುಂದೇನಾಯಿತೆಂದು ಕೇಳಿಸಲಿಲ್ಲ. ಅಲ್ಲಿಂದಲೇ ಹೇಳು.

ನಿನ್ನ ಮಾತು ನೂರು ವರ್ಷ ಬಾಳಲಿ.

ನಿನ್ನವನು,
ಸಿದ್ದೇಶ