ನಾಲ್ಕನೆಯ ಹಾಡಿನಲ್ಲಿ ನನ್ನ ಹೆಸರು

ಶಕ್ತಿನಗರ, ಮಂಗಳೂರು
ಭಾನುವಾರ, 19 ಜನವರಿ 2025

ಪ್ರೀತಿಯ ಅಮ್ಮನಿಗೆ,

ಅಕ್ಕ, ಭಾವ, ಮಗು ಎಲ್ಲರನ್ನೂ ವೀಡಿಯೊ ಕಾಲ್‌ನಲ್ಲಿ ದಿನವೂ ನೋಡುತ್ತಿದ್ದೇನೆ, ಹಾಗಾಗಿ ಕ್ಷೇಮ ಸಮಾಚಾರ ಕೇಳುವುದಿಲ್ಲ. ನಮ್ಮ ಬ್ಯಾಂಡಿನ ಬಾಸಿಲ್‌ನ ಮಾವ ರವೂಫ್ ನಾಳೆ ನೀವಿರುವ ಮಸ್ಕತ್‌ಗೇ ಹೊರಟಿದ್ದಾರೆ. ತೃಷಕ್ಕನ ಬಾಣಂತಿ ಲೇಹ್ಯದ ಜೊತೆ ಈ ಕಾಗದವನ್ನೂ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನೀನು ಅಳಲು ಶುರು ಮಾಡುತ್ತೀ, ಉಳಿದರ್ಧವನ್ನು ನಾನು ನುಂಗಿಬಿಡುತ್ತೇನೆ. ಕಾಗದವಾದರೆ ಅತ್ತು ಮುಗಿಸಿ ಮತ್ತೆ ಓದಬಹುದು.

ಚಿಕ್ಕಮ್ಮನಿಂದ ವಿಷಯ ತಿಳಿದು, ನನ್ನ ಮದುವೆ ಮುಗಿಯುವವರೆಗೆ ಆ ಹಾಡನ್ನು ಹೊರಗೆ ಬಿಡಬೇಡ ಎಂದಿದ್ದೆ ನೀನು. ಬಿಟ್ಟಿದ್ದೇವೆ ಅಮ್ಮ. ಮೊನ್ನೆ ಶುಕ್ರವಾರ ನಮ್ಮ ಮೊದಲ ಆಲ್ಬಮ್ ಹೊರಬಂತು, ಆ ಹಾಡೂ ಅದರಲ್ಲಿ ಉಂಟು.

ಅದು ಹೇಗೆ ಹುಟ್ಟಿತು ಎಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಬಿಜೈಯಲ್ಲಿ ಬಾಸಿಲ್‌ನ ಅಪ್ಪನ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ರೆಕಾರ್ಡಿಂಗ್ ಮಾಡಿದ್ದು. ಗೋಡೆಯುದ್ದಕ್ಕೂ ಬಟ್ಟೆಯ ಥಾನು ಜೋಡಿಸಿದ್ದಾರೆ, ಬಸ್‌ಸ್ಟ್ಯಾಂಡಿನ ಗಲಾಟೆ ಒಳಗೆ ಬರುವುದೇ ಇಲ್ಲ. ಬಾಸಿಲ್ ಕೀಬೋರ್ಡ್ ನುಡಿಸುತ್ತಾನೆ, ರೆಕಾರ್ಡಿಂಗೂ ಅವನದೇ. ಕೌಶಲ್‌ನ ಗಿಟಾರ್. ಹಾಡುವುದು ನಾನು. ಹಾಡುವಾಗ ನನಗೆ ಉಗ್ಗು ಬರುವುದಿಲ್ಲವೆಂದು ನಿನಗೆ ಗೊತ್ತು. ಅವರಿಬ್ಬರಿಗೂ ನನ್ನ ಪರಿಚಯ ಆದದ್ದು ಹಾಡಿನಿಂದಲೇ. ಉಳಿದ ಹೊತ್ತು ನಾನು ನಕ್ಕು, ತಲೆಯಾಡಿಸಿ, ಮೆಸೇಜ್ ಮಾಡಿ ಸುಧಾರಿಸುತ್ತಿದ್ದೆ.

ಒಂದು ದಿನ ಮೈಕ್ ಸರಿ ಉಂಟಾ ನೋಡಲಿಕ್ಕೆ ಏನಾದರೂ ಮಾತಾಡು, ಹೆಸರು ಹೇಳಿದರೂ ಸಾಕು ಎಂದ ಬಾಸಿಲ್. ನನ್ನ ಹೆಸರಿನಷ್ಟು ಕಷ್ಟದ ಶಬ್ದ ನನಗೆ ಬೇರೆ ಇಲ್ಲ. 'ಅ' ಗಂಟಲಲ್ಲೇ ಕೂತಿತು. ಅದನ್ನು ಎಳೆದು ಹೊರಗೆ ತರುವಷ್ಟರಲ್ಲಿ ಬೆವರು ಬಂದಿತ್ತು. ಯಂತ್ರ ಎಲ್ಲವನ್ನೂ ಹಿಡಿದುಕೊಂಡಿತ್ತು.

"ಡಿಲೀಟ್ ಮಾಡ್ತೇನೆ" ಎಂದ ಬಾಸಿಲ್, ನನ್ನ ಮುಖ ನೋಡದೆ.

ಒಮ್ಮೆ ಕೇಳಿಸು ಎಂದು ಸನ್ನೆ ಮಾಡಿದೆ. ನನ್ನ ಉಗ್ಗನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಎಂತ ಆಶ್ಚರ್ಯ ಗೊತ್ತುಂಟಾ? ಅಷ್ಟೇನೂ ಕೆಟ್ಟದಾಗಿರಲಿಲ್ಲ. ಒಬ್ಬ ಹುಡುಗಿ ಭಾರದ ಬಾಗಿಲನ್ನು ತಳ್ಳುತ್ತಿದ್ದಾಳೆ, ಕೊನೆಗೆ ಬಾಗಿಲು ತೆರೆಯುತ್ತದೆ, ಅಷ್ಟೆ. ಇದು ಇರಲಿ, ಇದರಿಂದಲೇ ಹಾಡು ಶುರುವಾಗಲಿ ಎಂದೆ.

ಕೌಶಲ್‌ಗೆ ಗಾಬರಿ. "ಬೇಡ ಮಾರಾಯ್ತಿ, ಜನ ನಗಾಡ್ತಾರೆ. ಆಮೇಲೆ ನೀನು ಅಳ್ತಾ ಕೂತರೆ ನಮಗೂ ಬೇಜಾರು" ಎಂದ. ನಗುವವರು ಶಾಲೆಯಿಂದಲೂ ನಗುತ್ತಿದ್ದಾರೆ, ಈ ಸಲ ತಾಳಕ್ಕೆ ಸರಿಯಾಗಿ ನಗಲಿ ಎಂದೆ. ಅದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಇಬ್ಬರೂ ಕಾದರು. ಹಾಡು ಅಲ್ಲೇ ತೀರ್ಮಾನವಾಯಿತು.

ಆ ಹಾಡಿನಲ್ಲಿ ನೀನೂ ಇದ್ದೀ. 'ನನ್ನ ಹೆಸರು ಬರುತ್ತದೆ ಅಡುಗೆಮನೆಯಿಂದ, ಒಗ್ಗರಣೆಯ ಘಮದ ಜೊತೆ' ಎಂಬ ಸಾಲು ಉಂಟು. ನೆಂಟರು ನನ್ನನ್ನು ಏನಾದರೂ ಕೇಳಿದರೆ ನೀನು ಒಳಗಿನಿಂದಲೇ ಉತ್ತರ ಕೊಡುತ್ತಿದ್ದೆಯಲ್ಲ, ಅದು. ಅದನ್ನು ದೂರು ಎಂದು ತಿಳಿಯಬೇಡ. ಪ್ರತಿ ವರ್ಷ ಶಾಲೆ ಶುರುವಾದ ದಿನ ನೀನು ತರಗತಿಯವರೆಗೆ ಬಂದು ಹೊಸ ಟೀಚರಿಗೆ ನನ್ನ ಹೆಸರು ಹೇಳಿ ಹೋಗುತ್ತಿದ್ದೆ. ನೀನು ಹಾಗೆ ಮಾಡದಿದ್ದರೆ ನಾನು ಶಾಲೆಯನ್ನೇ ಬಿಡುತ್ತಿದ್ದೆ. ಆದರೆ ಹಿತೇಶ್‌ನ ಮನೆಯವರು ನನ್ನನ್ನು ನೋಡಲು ಬಂದಾಗಲೂ "ನಮ್ಮ ಹುಡುಗಿಗೆ ಮಾತು ಕಡಿಮೆ" ಎಂದು ನೀನು ನಗುತ್ತ ಹೇಳಿದೆ. ಕಾಫಿ ತಟ್ಟೆ ಹಿಡಿದುಕೊಂಡು ನಿಂತಿದ್ದ ನನಗೆ, ಇನ್ನು ಜೀವಮಾನ ಪೂರ್ತಿ ಮಾತು ಕಡಿಮೆಯವಳಾಗಿ ಇರಬೇಕಲ್ಲ ಎನ್ನಿಸಿತು. ನನಗೆ ಮಾತು ಕಡಿಮೆ ಇಲ್ಲ ಅಮ್ಮ. ತುಂಬ ಉಂಟು.

ನಿನ್ನೆ ಸಂಜೆ ಉರ್ವದಲ್ಲಿ ಒಂದು ಸಣ್ಣ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟಿದ್ದೆವು. ಕುರ್ಚಿಗಳೆಲ್ಲ ತುಂಬಿ ಹಿಂದೆ ಜನ ನಿಂತಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾಲ್ಕನೆಯ ಹಾಡು ಬಂತು. ನಾನು ಸಿಕ್ಕಿಕೊಂಡರೆ ಗಿಟಾರ್ ಬಾರಿಸಿ ಮುಚ್ಚಬೇಡ ಎಂದು ಕೌಶಲ್‌ಗೆ ಮೊದಲೇ ಹೇಳಿದ್ದೆ. ರೆಕಾರ್ಡಿಂಗ್‌ಗಿಂತ ಹೆಚ್ಚು ಸಿಕ್ಕಿಕೊಂಡೆ. ಹಿಂದೆ ಯಾರೋ ಕಿಸಕ್ಕೆಂದರು. ಮತ್ತೆ ಯಾರೋ ಶ್ ಎಂದರು. ನಾನು ಕಣ್ಣು ಮುಚ್ಚಲಿಲ್ಲ, ನೆಲ ನೋಡಲಿಲ್ಲ. ನನ್ನ ಹೆಸರನ್ನು ನಾನೇ ಹೇಳಿದೆ, ಆಮೇಲೆ ಹಾಡಿದೆ. ಚಪ್ಪಾಳೆಯ ಮಾತು ಬಿಡು, ಅದನ್ನು ಚಿಕ್ಕಮ್ಮ ಹೇಳುತ್ತಾರೆ. ಬಾಸಿಲ್‌ನ ಅಮ್ಮ ಆಯಿಶಾ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ನ ಅಮ್ಮ ಇರಬೇಕಿತ್ತು" ಎಂದರು. ಆಗ ಮಾತ್ರ ನನಗೆ ಅಳು ಬಂತು. ಮನೆಗೆ ಬರುವಾಗ ಸ್ಕೂಟರಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ಮೈಕ್ ಇನ್ನೂ ಸ್ವಲ್ಪ ಹತ್ತಿರ ಹಿಡಿ. ಹಿಂದಿನವರಿಗೂ ಕೇಳಬೇಕು."

ಹಾಡನ್ನು ಒಬ್ಬಳೇ ಕೂತು ಕೇಳು. ಕೋಪ ಬಂದರೆ ಬೈದು ಕಳಿಸು, ನಾನು ಬೇಜಾರು ಮಾಡುವುದಿಲ್ಲ. ಇನ್ನೂ ಹಾಡುಗಳು ತಲೆಯಲ್ಲಿ ಸಾಲು ನಿಂತಿವೆ.

ನಿನ್ನ ಮಗಳು,
ಅಶ್ಮಿತಾ

ತಾ.ಕ.: ಹಿತೇಶ್‌ನ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟೆ. ಆಲ್ಬಮ್ ಹೊರಬರುವ ಮೊದಲೇ ನಾನೇ ಅವನಿಗೆ ದೋಹಾಕ್ಕೆ ಫೋನ್ ಮಾಡಿದ್ದೆ. ಅಲ್ಲಿಯವರೆಗೆ ನಾವು ಬರೀ ಮೆಸೇಜ್ ಮಾಡಿಕೊಂಡಿದ್ದವರು. ನನಗೆ ಉಗ್ಗು ಉಂಟು ಎಂಬುದನ್ನೂ ಆ ಹಾಡಿನ ವಿಷಯವನ್ನೂ ಉಗ್ಗುತ್ತಲೇ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ನನಗೆ ಎಂತ ತೊಂದರೆಯೂ ಇಲ್ಲ. ಆ ಹಾಡೊಂದನ್ನು ಹೊರಗೆ ಬಿಡಬೇಡಿ. ನಾಲ್ಕು ಜನರ ಎದುರು ನಾನೇ ಮಾತಾಡ್ತೇನೆ, ನೀನು ಸುಮ್ಮನೆ ಪಕ್ಕದಲ್ಲಿ ಇದ್ದರೆ ಸಾಕು. ಈಗ ಹೇಳು, ಈ ಸಂಬಂಧ ಬೇಕಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ನಾನು ಬಾಯಿ ತೆರೆದೆ. 'ಬೇ... ಬೇ...' ಎಂದು ಅಲ್ಲೇ ನಿಂತಿತು. "ಬೇಕು ಅಂತ ಅಲ್ವಾ? ಗೊತ್ತಾಯ್ತು ಬಿಡು" ಎಂದು ಅವನೇ ಮುಗಿಸಿದ. ನಾನು ಫೋನ್ ಇಡಲಿಲ್ಲ ಅಮ್ಮ. ಉಸಿರು ಎಳೆದುಕೊಂಡು, ಮೊದಲಿನಿಂದ ಶುರು ಮಾಡಿ, ಪೂರ್ತಿ ಹೇಳಿದೆ. ಬೇಡ.