ಏಳನೇ ಪ್ರಶ್ನೆ

ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
೧೨ನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲಿಗೆ ಕಂಬಿ ಹಿಡಿದುಕೊಳ್ಳುತ್ತೀರಾ, ಇಲ್ಲ ‘ಪಾಸ್ಟರಿಗೆ ವಯಸ್ಸಾಯ್ತು ಅಂದ್ಕೋತಾರೆ’ ಅಂತ ಹಾಗೇ ಹತ್ತುತ್ತೀರಾ? ದಯವಿಟ್ಟು ಹಿಡಿದುಕೊಳ್ಳಿ. ಅಮ್ಮ ರಕ್ತದೊತ್ತಡದ ಮಾತ್ರೆ ತಪ್ಪದೆ ನುಂಗುತ್ತಿದ್ದಾಳೆಯೇ? ಅವಳನ್ನೇ ಕೇಳೋಣವೆಂದರೆ ಫೋನಿನಲ್ಲಿ ನಾನು ಏನು ಕೇಳಿದರೂ ‘ಊಟ ಮಾಡ್ದ್ಯಾ ಮಗು’ ಅನ್ನುತ್ತಾಳೆ.

ನಾನು ಚೆನ್ನಾಗಿದ್ದೇನೆ. ಬೋರ್ಡಿಂಗ್ ಸ್ಕೂಲಿನ ಏಳು ವರ್ಷ ಪ್ರತಿ ಭಾನುವಾರ ಇದೇ ವಾಕ್ಯ ಬರೆದು ಅಭ್ಯಾಸವಾಗಿದೆ. ವಾರ್ಡನ್ ಓದಿದ ಮೇಲೇ ಸ್ಟಾಂಪ್ ಬೀಳುತ್ತಿತ್ತಲ್ಲ. ಈ ಪತ್ರವನ್ನು ನಿಮ್ಮನ್ನು ಬಿಟ್ಟು ಯಾರೂ ಓದುವುದಿಲ್ಲ, ಅದಕ್ಕೇ ಹೆದರಿಕೆ ಜಾಸ್ತಿ. ಕನ್ನಡ ತಪ್ಪಿದ್ದರೆ ಕ್ಷಮಿಸಿ. ಟೆನ್ಷನ್ ಆದರೆ ನನಗೆ ಇಂಗ್ಲಿಷೂ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ.

ವಿಷಯ ಇಪ್ಪತ್ತೊಂದರ ಡಿಬೇಟಿನದು. ‘ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದೆಯೇ?’ ಅಂತ ಪೋಸ್ಟರ್ ಅಂಟಿಸಿಯೂ ಆಯಿತು, ನಿಮ್ಮ ಫೋಟೋ ಸಮೇತ. ಮೆಸ್ಸಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ನೀವು ನನ್ನನ್ನು ನೋಡಿ ನಗುತ್ತೀರಿ. ಕಾಲೇಜಿನ ನಮ್ಮ ಕ್ರೈಸ್ತ ವಿದ್ಯಾರ್ಥಿಗಳ ಫೆಲೋಶಿಪ್ಪಿನ ಲೀಡರ್ ಅಣ್ಣ ‘ನಿಮ್ಮಪ್ಪ ಪಾಸ್ಟರ್ ಅಲ್ವೇನೋ, ಮನೆಯಲ್ಲೇ ಆಳಿರುವಾಗ ಹೊರಗೆ ಯಾಕೆ ಹುಡುಕೋದು’ ಅಂದಾಗ ನಾನು ಧೈರ್ಯವಾಗಿ ನಂಬರ್ ಕೊಟ್ಟೆ. ನೀವು ಖಂಡಿತ ಒಪ್ಪುವುದಿಲ್ಲ ಅಂದುಕೊಂಡಿದ್ದೆ. ಕ್ರೈಸ್ತರು ಧರ್ಮದ ವಿಷಯಕ್ಕೆ ವಾದಕ್ಕೆ ಇಳಿಯಬಾರದು, ಗೆದ್ದರೂ ಎದುರಿಗಿದ್ದವನು ಎದ್ದು ಹೋಗುತ್ತಾನೆ ಅಂತ ನನಗೆ ಬುದ್ಧಿ ತಿಳಿದಾಗಿನಿಂದ ಹೇಳಿಕೊಂಡು ಬಂದವರು ನೀವು. ಆದರೆ ಒಂದೇ ಫೋನಿಗೆ ಒಪ್ಪಿಬಿಟ್ಟಿರಂತೆ: ‘ಮಗನ ಕಾಲೇಜು, ಬೇಡ ಅನ್ನೋಕಾಗುತ್ತಾ?’ ಅದನ್ನು ಕೇಳಿ ನನಗೆ ಖುಷಿಯೂ ಆಯಿತು, ಭಯವೂ ಆಯಿತು.

ಎದುರು ಪಕ್ಷಕ್ಕೆ ಮಾತಾಡುವವನು ನನ್ನ ರೂಮ್‌ಮೇಟ್. ಎಲ್ಲರೂ ಅವನನ್ನು ಲಾಯರ್ ಅನ್ನುತ್ತಾರೆ. ಓದುವುದು ನನ್ನ ಹಾಗೆ ಕೆಮಿಸ್ಟ್ರಿ, ಆದರೆ ಬಕೆಟ್ ಯಾರದು ಅನ್ನುವುದಕ್ಕೂ ಸಾಕ್ಷಿ ಕೇಳುತ್ತಾನೆ. ಕೆಟ್ಟವನಲ್ಲ ಅಪ್ಪಾ. ಹೋದ ತಿಂಗಳು ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವನು ಅವನೇ. ಆವತ್ತು ಅಮ್ಮನ ಫೋನ್ ಬಂತು. ‘ಅಮ್ಮಾ, ನೂರಾ ಮೂರು ಜ್ವರ’ ಅಂತ ಕಿರುಚಿದೆ. ‘ಒಳ್ಳೇದಾಯ್ತು ಮಗು, ದೇವರಿಗೆ ಸ್ತೋತ್ರ’ ಅಂದಳು. ಲಾಯರ್ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಅವನೂ ನಿಲ್ಲಿಸಿ, ‘ಏನಾಯ್ತೋ’ ಅಂದ. ಜ್ವರದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

ಎಲ್ಲವನ್ನೂ ಅಂದರೆ, ಮೂರು ವರ್ಷದ ಹಿಂದಿನ ಆ ಸ್ವಸ್ಥತೆಯ ಕೂಟದ್ದು. ನೀವು ಅಮ್ಮನನ್ನು ವೇದಿಕೆಗೆ ಕರೆದು, ಪ್ರಾರ್ಥಿಸಿ, ನಿಮ್ಮ ಕೈಯಿಂದಲೇ ಅವಳ ಕಿವಿಯ ಮಷೀನು ತೆಗೆದು ಕರೀ ಕೋಟಿನ ಜೇಬಿಗೆ ಹಾಕಿಕೊಂಡು, ಮೈಕಿನಲ್ಲಿ ‘ಇನ್ನು ಇದು ಬೇಕಾಗಿಲ್ಲ’ ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟುವುದನ್ನು ನೋಡಿ ಅಮ್ಮನೂ ತಟ್ಟಿದಳು. ಆಮೇಲೆ ಅವಳು ಮಷೀನು ಹಾಕಿಕೊಂಡಿದ್ದನ್ನು ನಾನು ನೋಡಿಲ್ಲ. ಹಾಕಿಕೊಂಡರೆ ಚರ್ಚಿನ ಸಭೆಯವರ ಕಣ್ಣಿಗೆ ಬೀಳುತ್ತದಲ್ಲ. ಆ ರಜೆಯಲ್ಲಿ ಊಟಕ್ಕೆ ಕೂತಾಗ ಕೇಳಿದೆ: ‘ಅಮ್ಮಂಗೆ ನಿಜವಾಗ್ಲೂ ಕೇಳ್ಸತ್ತಾ?’ ನೀವು ತಟ್ಟೆಯಿಂದ ತಲೆ ಎತ್ತದೆ ‘ನಾವು ವಾದ ಮಾಡೋ ಜನ ಅಲ್ಲ ಮಗು’ ಅಂದಿರಿ. ಅಮ್ಮ ನಮ್ಮಿಬ್ಬರ ಮುಖ ನೋಡಿ, ಅನ್ನದ ಬಗ್ಗೆ ಮಾತಾಡುತ್ತಿದ್ದೇವೆ ಅಂದುಕೊಂಡು ಇನ್ನೊಂದು ಸೌಟು ಬಡಿಸಿದಳು. ನಾನು ತಿಂದೆ.

ನಿನ್ನೆ ಲಾಯರ್ ತನ್ನ ಪ್ರಶ್ನೆಗಳ ಪಟ್ಟಿ ತೋರಿಸಿದ. ಏಳನೆಯದು ಅದೇ: ‘ವೇದಿಕೆಯ ಮೇಲೆ ಕಿವಿಯ ಮಷೀನು ತೆಗೆಸಿಕೊಂಡವರಿಗೆ ಆಮೇಲೆ ನಿಜವಾಗಿ ಕೇಳಿಸಿತೇ?’ ಹೊಡೆದುಹಾಕು ಅಂತ ಬೇಡಿಕೊಂಡೆ. ‘ಹೆಸರು ಹಾಕಿಲ್ವಲ್ಲೋ. ನಿಮ್ಮಪ್ಪನ ಬಾಯಿಂದ ಉತ್ತರ ನಿಂಗೆ ಬೇಡ್ವಾ?’ ಅಂದ. ಪಟ್ಟಿಯನ್ನು ಮಡಿಸಿ ಅವನ ಕಡೆಗೇ ಸರಿಸಿದೆ. ಲೀಡರ್ ಅಣ್ಣನಿಗೆ ಹೇಳೋಣವೆಂದರೆ ಮನೆಯ ಗುಟ್ಟನ್ನು ಬೀದಿಗೆ ಹಾಕಿದ ಮಗ ನಾನೇ. ಹೇಳದಿದ್ದರೆ ಇಪ್ಪತ್ತೊಂದಕ್ಕೆ ಇನ್ನೂರು ಜನರ ಮುಂದೆ ನೀವು ನಿಲ್ಲುತ್ತೀರಿ. ನಮ್ಮ ರೂಮಿಗೆ ಒಂದೇ ಮೇಜು. ಅರ್ಧದಲ್ಲಿ ಅವನು ಭಾಷಣ ಬರೆಯುತ್ತಿದ್ದಾನೆ, ಅರ್ಧದಲ್ಲಿ ನಾನು ಇದನ್ನು ಬರೆಯುತ್ತಿದ್ದೇನೆ. ಮೊಣಕೈಗೆ ಮೊಣಕೈ ತಾಗುತ್ತದೆ. ಉತ್ತರ ಕೊಡಲು ಯಾವಾಗಲೂ ತಯಾರಿರಬೇಕು ಅನ್ನುವ ಬೈಬಲ್ ವಾಕ್ಯ ಲೀಡರ್ ಅಣ್ಣನ ಹತ್ತಿರ, ಜಗಳ ಬೇಡ ಅನ್ನುವ ವಾಕ್ಯ ನಿಮ್ಮ ಹತ್ತಿರ. ಇಬ್ಬರೂ ಸರಿಯೇ ಇರಬಹುದು. ಆದರೆ ಹೊರಗಿನವರಿಗೆ ಕೊಡುವ ಉತ್ತರವನ್ನು ಮನೆಯಲ್ಲಿ ಕೊಡದೆ ಅದಕ್ಕೆ ಶಾಂತಿ ಅಂತ ಹೆಸರಿಟ್ಟರೆ, ಅದು ಯಾವ ವಾಕ್ಯ ಅಪ್ಪಾ?

ಇಷ್ಟು ಬರೆದದ್ದಕ್ಕೆ ಕೋಪ ಮಾಡಿಕೊಳ್ಳಬೇಡಿ. ಬರಬೇಡಿ ಅಂತ ಮೊದಲು ಬರೆದಿದ್ದೆ, ಆ ಹಾಳೆ ಹರಿದೆ. ಬರುವುದು ಬಿಡುವುದು ನಿಮಗೇ ಬಿಟ್ಟಿದ್ದೇನೆ. ದೇವರು ನಿಮ್ಮಿಬ್ಬರನ್ನೂ ಕಾಯಲಿ. ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಹೆಸರು ಮರೆಯಬೇಡಿ.

ನಿಮ್ಮ ಮಗ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಹತ್ತಿ ಸುತ್ತಿದ ಪೊಟ್ಟಣ ಇದೆ, ಬಿಸಾಡಬೇಡಿ. ಅಮ್ಮನ ಮಷೀನಿನ ಬ್ಯಾಟರಿ, ಎರಡು. ನಂಬರು ಸರಿಯಾಗಿದೆ, ಹಳೆಯ ಖಾಲಿ ಕವರನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ. ಕಿತ್ತಳೆ ಬಣ್ಣದ ಪಟ್ಟಿ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಬೇಕು. ಡಿಬೇಟಿಗೆ ಬನ್ನಿ, ಬಿಡಿ, ಇದನ್ನು ಮಾತ್ರ ಮಾಡಿ. ಮಷೀನು ತೆಗೆದ ಕೈಯಿಂದಲೇ ಅವಳ ಕಿವಿಗೆ ಹಾಕಿ. ಹಾಕಿದ ಮೇಲೆ ಅಮ್ಮನಿಗೆ ಹೇಳಿ, ಹೋದ ತಿಂಗಳು ನನಗೆ ಜ್ವರ ಬಂದಿತ್ತು ಅಂತ.